ಇಪ್ಪತ್ತು ನಿಮಿಷ ಕೊಡಿ, ಮಂಡಿ ಉಳಿಸಿಕೊಳ್ತೀವಿ

2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಯಾರು ಆಡಿದರು ಎನ್ನುವುದಕ್ಕಿಂತ ಯಾರು ಆಡಲಿಲ್ಲ ಎನ್ನುವುದೇ ನನಗೆ ಹೆಚ್ಚು ನೆನಪಿದೆ. ಹಿಂದಿನ ವರ್ಷವಷ್ಟೇ ಇಂಗ್ಲೆಂಡ್‌ಗೆ ಯೂರೊ ಕಪ್ ಗೆದ್ದುಕೊಟ್ಟ ನಾಯಕಿ ಲೀಯಾ ವಿಲಿಯಮ್ಸನ್ ಇರಲಿಲ್ಲ. ಅದೇ ಯೂರೊದ ಶ್ರೇಷ್ಠ ಆಟಗಾರ್ತಿ ಬೆತ್ ಮೀಡ್ ಇರಲಿಲ್ಲ. ನೆದರ್ಲೆಂಡ್ಸ್‌ನ ವಿವಿಯಾನೆ ಮಿಡೆಮಾ ಕೂಡ ಇರಲಿಲ್ಲ. ಮೂವರೂ ಆಗ ಆರ್ಸೆನಲ್ ಕ್ಲಬ್‌ನವರಾಗಿದ್ದರು. ಆ ಒಂದೇ ಸೀಸನ್‌ನಲ್ಲಿ ಆ ಕ್ಲಬ್‌ನ ನಾಲ್ವರು ಆಟಗಾರ್ತಿಯರಿಗೆ ಒಂದೇ ಗಾಯವಾಯಿತು. ಮಂಡಿಯ ಒಳಗಿರುವ ಎಸಿಎಲ್ ಎಂಬ ಲಿಗಮೆಂಟ್ ಹರಿಯಿತು. ಅದಕ್ಕೂ ಮೊದಲು, 2022ರ ಯೂರೊ ಶುರುವಾಗುವ ಹೊಸ್ತಿಲಲ್ಲಿ ಸ್ಪೇನ್‌ನ ಅಲೆಕ್ಸಿಯಾ ಪುಟೆಯಾಸ್ ಅಭ್ಯಾಸದ ವೇಳೆ ಇದೇ ಗಾಯ ಮಾಡಿಕೊಂಡು ಮನೆಗೆ ಹೋಗಿದ್ದರು. 2024ರ ಜನವರಿಯಲ್ಲಿ ಆಸ್ಟ್ರೇಲಿಯಾದ ಸ್ಯಾಮ್ ಕೆರ್ ಸರದಿ.

ಇವರೆಲ್ಲ ಮತ್ತೆ ಮೈದಾನಕ್ಕೆ ಬಂದರು. ಅವರಿಗೆ ಶಸ್ತ್ರಚಿಕಿತ್ಸೆ ಮಾಡುವ ತಜ್ಞರಿದ್ದಾರೆ, ತಿಂಗಳುಗಟ್ಟಲೆ ಪಕ್ಕದಲ್ಲೇ ನಿಲ್ಲುವ ಫಿಸಿಯೊ ಇದ್ದಾರೆ, ಆಡದಿದ್ದರೂ ಬರುವ ಸಂಬಳವಿದೆ. ನಾನು ಬರೆಯಲು ಹೊರಟಿರುವುದು ಇದ್ಯಾವುದೂ ಇಲ್ಲದ ಹುಡುಗಿಯರ ಬಗ್ಗೆ. ನಮ್ಮ ಹೈಸ್ಕೂಲು, ಪಿಯು, ಡಿಗ್ರಿ, ಎಂಜಿನಿಯರಿಂಗ್ ಕಾಲೇಜುಗಳ ತಂಡಗಳಲ್ಲಿ ಆಡುವವರ ಬಗ್ಗೆ. ನಮ್ಮಲ್ಲಿ ಹುಡುಗನ ಮಂಡಿಗೆ ಗಾಯವಾದರೆ ಆಟಕ್ಕೆ ವಿರಾಮ, ಹುಡುಗಿಯ ಮಂಡಿಗೆ ಗಾಯವಾದರೆ ಪೂರ್ಣವಿರಾಮ.

ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ನಾನು ಮೆಕ್ಯಾನಿಕಲ್ ಮೂರನೇ ವರ್ಷದ ವಿದ್ಯಾರ್ಥಿನಿ, ಕಾಲೇಜು ತಂಡದಲ್ಲಿ ಲೆಫ್ಟ್ ಬ್ಯಾಕ್. ನನ್ನ ಪಕ್ಕದಲ್ಲೇ ಡಿಫೆನ್ಸ್‌ನಲ್ಲಿ ಆಡುತ್ತಿದ್ದ ಅಕ್ಕ ನನಗಿಂತ ಒಂದು ವರ್ಷ ಸೀನಿಯರ್. ಕಳೆದ ವರ್ಷ ಅಂತರಕಾಲೇಜು ಪಂದ್ಯದ ಎರಡನೇ ಅವಧಿಯಲ್ಲಿ ಎದುರಾಳಿಯ ಜೊತೆ ಓಡುತ್ತಾ ಬಂದವರು ಒಮ್ಮೆಲೇ ನಿಂತು ಎಡಕ್ಕೆ ತಿರುಗಿದರು. ಯಾರೂ ತಳ್ಳಲಿಲ್ಲ, ಯಾರ ಕಾಲೂ ತಾಗಲಿಲ್ಲ. ‘ಟಪ್’ ಅಂತ ಒಳಗೆ ಸದ್ದಾಯಿತು ಕಣೇ ಎಂದು ಆಮೇಲೆ ಹೇಳಿದರು. ನೋವು ನಿವಾರಕ ಸ್ಪ್ರೇ ಹೊಡೆದು, ಬಟ್ಟೆ ಬಿಗಿದು, ‘ಉಳುಕಿದೆ ಅಷ್ಟೇ’ ಎಂದರು. ಊರಿಗೆ ಹೋದ ಮೇಲೆ ಎಣ್ಣೆ ತಿಕ್ಕಿ ನೀವಿದರು. ಎಂಆರ್‌ಐ ಮಾಡಿಸುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಖಾಸಗಿ ಆಸ್ಪತ್ರೆಯ ಬಿಲ್ಲು ಲಕ್ಷ ದಾಟಿತು. ಅವರಪ್ಪ ಬಯ್ಯಲಿಲ್ಲ. ‘ಇನ್ನು ಸಾಕು ಮಗಳೇ’ ಅಂದರು, ಅಷ್ಟೇ. ಕಾಲು ಕುಂಟಾದರೆ ಮುಂದೆ ಹೇಗೆ ಎಂದು ನೆಂಟರು ಕೇಳಿದ್ದನ್ನು ಅಮ್ಮ ಬಂದು ಹೇಳಿದರು. ಮುಂದೆ ಎಂದರೆ ಮದುವೆ. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಗಾಯವನ್ನು ಎಲ್ಲರೂ ‘ದುರದೃಷ್ಟ’ ಎಂದರು. ಇನ್ನು ಕೆಲವರು ‘ಹುಡುಗಿಯರ ಮೂಳೆ ಸೂಕ್ಷ್ಮ, ಅವರಿಗೆ ಇದೆಲ್ಲ ಯಾಕೆ’ ಎಂದರು. ಈ ಎರಡು ಮಾತೂ ಸರಿಯಲ್ಲ ಎನ್ನುವುದೇ ನನ್ನ ವಾದ.

ಎಸಿಎಲ್ ಅಷ್ಟು ಬಡಪಾಯಿಯಲ್ಲ. ತೊಡೆಯ ಮೂಳೆಯನ್ನೂ ಮೊಣಕಾಲ ಕೆಳಗಿನ ಮೂಳೆಯನ್ನೂ ಹಿಡಿದಿಡುವ, ಕಿರುಬೆರಳಿನಷ್ಟೂ ಉದ್ದವಿಲ್ಲದ ಹುರಿ ಅದು. ನಮ್ಮ ಲ್ಯಾಬ್‌ನ ಯುಟಿಎಂ ಯಂತ್ರದಲ್ಲಿ ಉಕ್ಕಿನ ಸರಳನ್ನು ಎಳೆದು ತುಂಡರಿಸುತ್ತೇವಲ್ಲ, ಹಾಗೆಯೇ ಯುವ ವಯಸ್ಸಿನವರ ಮಂಡಿಯ ಎಸಿಎಲ್ ಅನ್ನು ಪ್ರಯೋಗಾಲಯದಲ್ಲಿ ಎಳೆದು ನೋಡಿದ್ದಾರೆ. ಹರಿಯಲು 2,000 ನ್ಯೂಟನ್‌ಗೂ ಹೆಚ್ಚು ಬಲ ಬೇಕಾಯಿತು. ಅಂದರೆ ಇನ್ನೂರು ಕೆ.ಜಿ.ಗಿಂತ ಹೆಚ್ಚಿನ ತೂಕವನ್ನು ನೇತು ಹಾಕಿದಂತೆ. ಇಷ್ಟು ಗಟ್ಟಿಯಾದದ್ದು ಯಾರೂ ಮುಟ್ಟದೆಯೇ ಹರಿಯುವುದು ಹೇಗೆ?

ಉತ್ತರ ಬಲದಲ್ಲಿಲ್ಲ, ಕೋನದಲ್ಲಿದೆ. ಓಡುತ್ತಾ ಬಂದು ತಟ್ಟನೆ ನಿಂತಾಗ, ಹೆಡ್ ಮಾಡಲು ಹಾರಿ ಒಂಟಿ ಕಾಲಲ್ಲಿ ಇಳಿದಾಗ, ದಿಕ್ಕು ಬದಲಿಸಲು ಕಾಲೂರಿ ತಿರುಗಿದಾಗ ಮಂಡಿ ಪಾದದ ನೇರಕ್ಕೆ ಬಾಗಬೇಕು. ಅದು ಬಾಗದೆ ಸೆಟೆದು ನಿಂತು ಒಳಕ್ಕೆ ವಾಲಿದರೆ, ತೊಡೆ ಒಂದು ಕಡೆಗೆ, ಕಣಕಾಲು ಇನ್ನೊಂದು ಕಡೆಗೆ ತಿರುಚಿಕೊಳ್ಳುತ್ತದೆ. ತೊಡೆಯ ಮುಂಭಾಗದ ಸ್ನಾಯು ಕೆಳಗಿನ ಮೂಳೆಯನ್ನು ಮುಂದಕ್ಕೆ ಜಗ್ಗುತ್ತದೆ. ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಅದನ್ನು ಹಿಂದಕ್ಕೆ ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ ಅಷ್ಟೂ ಭಾರ ಆ ಪುಟ್ಟ ಹುರಿಯ ಮೇಲೆ. ಪಂದ್ಯಗಳ ವಿಡಿಯೊಗಳನ್ನು ಲೆಕ್ಕ ಹಾಕಿ ನೋಡಿದ ಸಂಶೋಧಕರ ಪ್ರಕಾರ ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡ್‌ನಲ್ಲಿ ಇದೆಲ್ಲ ಮುಗಿದಿರುತ್ತದೆ. ಕಣ್ಣು ರೆಪ್ಪೆ ಬಡಿಯಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಕಂಟ್ರೋಲ್ ಎಂಜಿನಿಯರಿಂಗ್ ಓದಿದವರಿಗೆ ಇಲ್ಲಿ ಸಮಸ್ಯೆ ಕೂಡಲೇ ಹೊಳೆಯುತ್ತದೆ. ಸೆನ್ಸರ್ ನೋಡಿ, ಸಿಗ್ನಲ್ ಕಳಿಸಿ, ಮೋಟಾರು ತಿರುಗಿಸುವಷ್ಟರಲ್ಲಿ ಯಂತ್ರ ಮುರಿದು ಹೋಗುತ್ತದೆ ಎಂದಾದರೆ ಫೀಡ್‌ಬ್ಯಾಕ್ ನಂಬಿ ಕೂರುವಂತಿಲ್ಲ, ಮೊದಲೇ ಸಿದ್ಧವಾಗಿರಬೇಕು. ಮಂಡಿಯದ್ದೂ ಇದೇ ಕಥೆ. ‘ಅಯ್ಯೋ, ಒಳಕ್ಕೆ ವಾಲುತ್ತಿದೆ’ ಎಂಬ ಸುದ್ದಿ ನರದ ಮೂಲಕ ಹೋಗಿ, ಸ್ನಾಯು ಎಚ್ಚೆತ್ತು ಬಿಗಿಯಾಗುವಷ್ಟರಲ್ಲಿ ತಡವಾಗಿರುತ್ತದೆ. ಪಾದ ನೆಲ ಮುಟ್ಟುವ ಮೊದಲೇ ಸೊಂಟ, ತೊಡೆ, ಹ್ಯಾಮ್‌ಸ್ಟ್ರಿಂಗ್ ತಂತಮ್ಮ ಜಾಗದಲ್ಲಿ ಸಜ್ಜಾಗಿರಬೇಕು. ಆ ಸಿದ್ಧತೆಯನ್ನು ದೇಹಕ್ಕೆ ರೂಢಿ ಮಾಡಿಸುವುದನ್ನೇ ನರ-ಸ್ನಾಯು ತರಬೇತಿ ಎನ್ನುತ್ತಾರೆ. ಹೆಸರು ಭಾರವಾಗಿದೆ, ಕೆಲಸ ಸರಳ. ಸೈಕಲ್ ಕಲಿತ ಮೇಲೆ ಬ್ಯಾಲೆನ್ಸ್ ಬಗ್ಗೆ ಯೋಚಿಸುತ್ತೇವೆಯೇ? ಇಳಿಯುವುದು, ನಿಲ್ಲುವುದು, ತಿರುಗುವುದು ಕೂಡ ಹಾಗೆಯೇ ಕಲಿಯಬಹುದಾದ ವಿದ್ಯೆ.

ಹಾಗಿದ್ದರೆ ಹುಡುಗಿಯರಿಗೇ ಯಾಕೆ ಹೆಚ್ಚು? ಫುಟ್‌ಬಾಲ್‌ನಲ್ಲಿ ಹೆಣ್ಣುಮಕ್ಕಳಿಗೆ ಎಸಿಎಲ್ ಗಾಯದ ಅಪಾಯ ಗಂಡುಮಕ್ಕಳಿಗಿಂತ ಎರಡು–ಮೂರು ಪಟ್ಟು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸೊಂಟದ ಅಗಲ, ಹಾರ್ಮೋನು, ಮಂಡಿಯೊಳಗಿನ ಜಾಗ ಎಂದೆಲ್ಲ ಕಾರಣ ಹೇಳುತ್ತಾರೆ. ಹರೆಯದಲ್ಲಿ ಕಾಲು ಉದ್ದವಾಗುವಷ್ಟು ವೇಗವಾಗಿ ಹುಡುಗಿಯರ ಸ್ನಾಯುಬಲ ಬೆಳೆಯುವುದಿಲ್ಲ ಎನ್ನುವುದೂ ನಿಜ. ಆದರೆ 2021ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಪ್ರಕಟವಾದ ಮೂವರು ಸಂಶೋಧಕಿಯರ ಲೇಖನ ಬೇರೆಯದೇ ಪ್ರಶ್ನೆ ಎತ್ತಿತು. ಎಲ್ಲವನ್ನೂ ಹೆಣ್ಣಿನ ದೇಹದ ಮೇಲೆ ಹಾಕುವ ಮೊದಲು, ಆ ದೇಹಕ್ಕೆ ಸಿಕ್ಕ ಮೈದಾನ, ತರಬೇತಿ, ಜಿಮ್ಮು, ಬಾಲ್ಯದ ಆಟ ಎಂಥವು ಎಂದು ನೋಡಿದ್ದೀರಾ ಎಂದು ಅವರು ಕೇಳಿದರು.

ಈ ಪ್ರಶ್ನೆಗೆ ನಮ್ಮ ಮನೆಯಂಗಳದಲ್ಲೇ ಉತ್ತರವಿದೆ. ಕುಂಟೆಬಿಲ್ಲೆ ನೆನಪಿಸಿಕೊಳ್ಳಿ. ಒಂಟಿ ಕಾಲಲ್ಲಿ ನೆಗೆದು, ಗೆರೆ ತುಳಿಯದಂತೆ ಇಳಿದು, ಬಾಗಿ ಬಿಲ್ಲೆ ಎತ್ತಿ, ಮತ್ತೆ ಒಂಟಿ ಕಾಲಲ್ಲೇ ತಿರುಗಿ ಬರಬೇಕು. ಈಗ ಫಿಸಿಯೊಗಳು ದುಡ್ಡು ತೆಗೆದುಕೊಂಡು ಮಾಡಿಸುವ ಒಂಟಿ ಕಾಲಿನ ಜಿಗಿತ ಇದಕ್ಕಿಂತ ತುಂಬ ಬೇರೆಯೇನಲ್ಲ. ಹುಡುಗಿಯರದ್ದೇ ಆಟ ಅದು. ಆದರೆ ಯಾವಾಗ ನಿಲ್ಲಿಸುತ್ತೇವೆ? ಹನ್ನೆರಡು–ಹದಿಮೂರಕ್ಕೆ, ‘ದೊಡ್ಡವಳಾದಳು’ ಎಂದ ದಿನ. ಅಂದಿನಿಂದ ಅಂಗಳದಲ್ಲಿ ನೆಗೆಯುವ ಹಾಗಿಲ್ಲ. ಅದೇ ವಯಸ್ಸಿನ ತಮ್ಮ ಕಾಂಪೌಂಡ್ ಹಾರುತ್ತಾನೆ, ಮಾವಿನ ಮರದಿಂದ ಧುಮುಕುತ್ತಾನೆ, ಬೀದಿಯಲ್ಲಿ ಕತ್ತಲಾಗುವವರೆಗೆ ಆಡುತ್ತಾನೆ. ಸಾವಿರಾರು ಸಲ ಹಾರಿ ಇಳಿದು ಅವನ ಕಾಲು ಪಾಠ ಕಲಿತಿರುತ್ತದೆ. ಅವಳ ಕಾಲು ಉದ್ದವಾಗುವ, ತೂಕ ಹೆಚ್ಚುವ, ಗಾಯದ ಅಪಾಯ ಏರತೊಡಗುವ ವಯಸ್ಸಿನಲ್ಲೇ ಪಾಠ ನಿಲ್ಲುತ್ತದೆ. ಮೂರ್ನಾಲ್ಕು ವರ್ಷ ಬಿಟ್ಟು ಕಾಲೇಜಿನಲ್ಲಿ ‘ತಂಡಕ್ಕೆ ಹನ್ನೊಂದು ಜನ ಬೇಕು, ಬಾರಮ್ಮ’ ಎಂದು ಕರೆದು ನೇರ ಪಂದ್ಯಕ್ಕೆ ಇಳಿಸುತ್ತಾರೆ. ಕುಂಟೆಬಿಲ್ಲೆ ಆಡಿದವರಿಗೆಲ್ಲ ಎಸಿಎಲ್ ಗಟ್ಟಿ ಎಂದು ಇದರ ಅರ್ಥವಲ್ಲ. ಕಲಿಸದೇ ಬಿಟ್ಟದ್ದನ್ನು ದೇಹದ ದೌರ್ಬಲ್ಯ ಎಂದು ಕರೆಯಬೇಡಿ ಎನ್ನುತ್ತಿದ್ದೇನೆ ಅಷ್ಟೇ. (ಬೂಟಿನ ವಿಷಯ ಬೇರೆಯೇ ಇದೆ. ನಮ್ಮೂರ ಅಂಗಡಿಯಲ್ಲಿ ನಮ್ಮ ಅಳತೆಗೆ ಸಿಗುವುದು ಹುಡುಗರ ಸಣ್ಣ ಸೈಜು.)

ಕಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಪುರಾವೆ ಇದೆ, ಅದೂ ಹುಡುಗಿಯರಿಂದಲೇ ಬಂದ ಪುರಾವೆ. ಫಿಫಾದ ವೈದ್ಯಕೀಯ ವಿಭಾಗ ಮೊದಲು ‘ದಿ ಇಲೆವೆನ್’ ಎಂಬ ವ್ಯಾಯಾಮ ಸರಣಿ ಸಿದ್ಧಪಡಿಸಿತ್ತು. ಹತ್ತು ವ್ಯಾಯಾಮ, ಹನ್ನೊಂದನೆಯದು ಫೇರ್ ಪ್ಲೇ, ಅಂದರೆ ನ್ಯಾಯವಾಗಿ ಆಡುವುದು. ನಾರ್ವೆಯಲ್ಲಿ ಸುಮಾರು ಎರಡು ಸಾವಿರ ಹುಡುಗಿಯರ ಮೇಲೆ ಪರೀಕ್ಷಿಸಿದಾಗ ಗಾಯಗಳೇನೂ ಕಡಿಮೆಯಾಗಲಿಲ್ಲ. ಎಷ್ಟೋ ತಂಡಗಳು ಅದನ್ನು ನಿಯಮಿತವಾಗಿ ಮಾಡಿರಲೇ ಇಲ್ಲ. ನಮ್ಮಲ್ಲಾದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಕೂತು ಸರಣಿಯನ್ನು ತಿದ್ದಿದರು. ಓಟ ಸೇರಿಸಿದರು, ಬೇಸರವಾಗದಂತೆ ಮೂರು ಹಂತ ಮಾಡಿದರು, ಜೋಡಿಯಾಗಿ ಮಾಡುವ ವ್ಯಾಯಾಮ ತಂದರು. ಅದೇ ‘ಫಿಫಾ 11 ಪ್ಲಸ್’. ಮತ್ತೆ ನಾರ್ವೆಯಲ್ಲೇ 13ರಿಂದ 17 ವರ್ಷದ 1,892 ಹುಡುಗಿಯರ ಮೇಲೆ ಒಂದು ಸೀಸನ್ ಪೂರ್ತಿ ಪರೀಕ್ಷಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿದ್ದವು. ಗಂಭೀರ ಗಾಯಗಳು ಹೆಚ್ಚೂಕಡಿಮೆ ಅರ್ಧಕ್ಕಿಳಿದಿದ್ದವು. ನಿಯಮಿತವಾಗಿ ಮಾಡಿದವರಿಗೆ ಲಾಭ ಇನ್ನೂ ಹೆಚ್ಚಿತ್ತು.

ಸ್ವೀಡನ್‌ನಲ್ಲಿ ಇದೇ ಬಗೆಯ, ವಾರಕ್ಕೆರಡು ಸಲ ಹದಿನೈದು ನಿಮಿಷದ ತರಬೇತಿಯನ್ನು 12ರಿಂದ 17 ವರ್ಷದ ನಾಲ್ಕೂವರೆ ಸಾವಿರ ಹುಡುಗಿಯರ ಮೇಲೆ ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎಸಿಎಲ್ ಗಾಯ ಶೇ 64ರಷ್ಟು ಕಡಿಮೆಯಾಗಿತ್ತು.

ನಾರ್ವೆಯ ಅಂಕಿ ಅಂಶದಲ್ಲಿ ನನಗೆ ಮುಖ್ಯ ಎನಿಸಿದ್ದು ಇನ್ನೊಂದಿದೆ. ಒಮ್ಮೆಲೇ ಆಗದೆ, ದಿನವೂ ಸವೆದು ಸವೆದು ಬರುವ ನೋವುಗಳೂ ಅರ್ಧದಷ್ಟು ಇಳಿದವು. ಎಸಿಎಲ್ ಹರಿದರೆ ಕನಿಷ್ಠ ಎಲ್ಲರಿಗೂ ಗೊತ್ತಾಗುತ್ತದೆ. ಮಂಡಿಚಿಪ್ಪಿನ ಸುತ್ತ ಕೊರೆಯುವ ನೋವು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಸ್ಟೆಲಿನ ಮೂರನೇ ಮಹಡಿಯಿಂದ ಮೆಟ್ಟಿಲಿಳಿಯುವಾಗ ಕೈಪಿಡಿ ಹಿಡಿದು ಒಂದೊಂದೇ ಹೆಜ್ಜೆ ಇಡುವವರು ನಮ್ಮ ತಂಡದಲ್ಲಿ ನಾಲ್ಕು ಜನ ಇದ್ದರು. ಎಲ್ಲರಿಗೂ ಇಪ್ಪತ್ತರ ಆಸುಪಾಸು. ‘ಮುಟ್ಟಿನ ಸಮಯ ಇರಬೇಕು’, ‘ರಾಗಿ ಮುದ್ದೆ ತಿನ್ನಿ’, ‘ತೂಕ ಇಳಿಸಿ’ ಎಂಬ ಸಲಹೆಗಳು ಧಾರಾಳವಾಗಿ ಸಿಗುತ್ತಿದ್ದವು. ರಾಗಿ ಮುದ್ದೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಸೊಂಟದ ಸ್ನಾಯುವನ್ನು ಯಾರೂ ಪರೀಕ್ಷಿಸಿರಲಿಲ್ಲ.

ಇನ್ನು ಈ ಇಪ್ಪತ್ತು ನಿಮಿಷದಲ್ಲಿ ಇರುವುದೇನು? ಮೊದಲ ಎಂಟು ನಿಮಿಷ ನಿಧಾನ ಓಟ, ಅದರ ನಡುವೆ ಸೊಂಟವನ್ನು ಹೊರಕ್ಕೂ ಒಳಕ್ಕೂ ತಿರುಗಿಸುವುದು, ಜೊತೆಗಾರ್ತಿಯ ಭುಜಕ್ಕೆ ಭುಜ ತಾಗಿಸಿ ಹಾರಿ ಇಳಿಯುವುದು. ನಡುವಿನ ಹತ್ತು ನಿಮಿಷವೇ ತಿರುಳು. ಪ್ಲ್ಯಾಂಕ್, ಪಕ್ಕದ ಪ್ಲ್ಯಾಂಕ್, ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮ, ಒಂಟಿ ಕಾಲಲ್ಲಿ ಚೆಂಡು ಹಿಡಿದು ನಿಲ್ಲುವುದು, ಸ್ಕ್ವಾಟ್, ಜಿಗಿತ. ಕೊನೆಯ ಎರಡು ನಿಮಿಷ ಜೋರು ಓಟ ಮತ್ತು ದಿಕ್ಕು ಬದಲಾವಣೆ. ಒಂದು ಚೆಂಡು, ಒಬ್ಬ ಜೊತೆಗಾರ್ತಿ ಇದ್ದರೆ ಸಾಕು. ಪಂದ್ಯದ ದಿನ ಮೊದಲ ಮತ್ತು ಕೊನೆಯ ಭಾಗ ಮಾಡಿದರಾಯಿತು.

ಇದರಲ್ಲಿ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮದ್ದು ತಮಾಷೆ. ಮಂಡಿಯೂರಿ ಕೂರಬೇಕು, ಹಿಂದಿನಿಂದ ಒಬ್ಬಳು ಕಣಕಾಲು ಒತ್ತಿ ಹಿಡಿಯಬೇಕು, ದೇಹವನ್ನು ನೆಟ್ಟಗೆ ಇಟ್ಟುಕೊಂಡೇ ನಿಧಾನವಾಗಿ ಮುಂದಕ್ಕೆ ವಾಲಬೇಕು. ಮೊದಲ ದಿನ ನಾವೆಲ್ಲ ಕಡಿದ ಬಾಳೆಗಿಡದ ಹಾಗೆ ದೊಪ್ಪನೆ ಬಿದ್ದೆವು. ಮೂರು ಮಾಡುವಷ್ಟರಲ್ಲಿ ತೊಡೆ ನಡುಗುತ್ತಿತ್ತು. ಎರಡು ತಿಂಗಳ ಮೇಲೆ ಹತ್ತು ಮಾಡುವವರಿದ್ದಾರೆ. ಜಿಗಿತಕ್ಕೆ ಒಂದೇ ನಿಯಮ: ಇಳಿದಾಗ ಸದ್ದಾಗಬಾರದು, ಮಂಡಿ ಒಳಕ್ಕೆ ಹೋಗಬಾರದು. ಹೆಣ್ಣುಮಕ್ಕಳು ನಡೆದರೆ ನೆಲಕ್ಕೆ ಕೇಳಿಸಬಾರದು ಎಂದು ನನ್ನಜ್ಜಿ ಹೇಳುತ್ತಿದ್ದರು. ಆ ಮಾತಿನ ಮೇಲೆ ನನಗೆ ಸಿಟ್ಟಿತ್ತು. ಈಗ ಹಾರಿ ಇಳಿಯುವಾಗ ಮಾತ್ರ ಪಾಲಿಸುತ್ತೇನೆ. ಜೋಡಿಯಲ್ಲಿ ಒಬ್ಬಳು ಹಾರಿದರೆ ಇನ್ನೊಬ್ಬಳು ಎದುರು ನಿಂತು ಮಂಡಿ ನೋಡುತ್ತಾಳೆ. ‘ಒಳಗೆ ಹೋಯ್ತು ನೋಡೇ’ ಎಂದು ಕೂಗುವುದೇ ಅವಳ ಕೆಲಸ. ಈ ಕೂಗು ಇಲ್ಲದೆ ಬರೀ ಎಣಿಕೆ ಮುಗಿಸಿದರೆ ಅದು ಡ್ರಿಲ್ ಪೀರಿಯಡ್ ಆಗುತ್ತದೆಯೇ ಹೊರತು ತರಬೇತಿ ಆಗುವುದಿಲ್ಲ.

ಮಿತಿಗಳೂ ಇವೆ. ಎದುರಾಳಿ ಬಂದು ಮಂಡಿಗೇ ಗುದ್ದಿದರೆ ಯಾವ ವ್ಯಾಯಾಮವೂ ಕಾಪಾಡುವುದಿಲ್ಲ. ಎರಡು ವಾರ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ. ಈಗಾಗಲೇ ಮಂಡಿ ಊದಿಕೊಂಡಿದ್ದರೆ, ನಡೆಯುವಾಗ ಕುಸಿದಂತಾಗುತ್ತಿದ್ದರೆ ಮೊದಲು ವೈದ್ಯರ ಬಳಿ ಹೋಗಬೇಕು. ಎಣ್ಣೆ ನೀವುವುದಕ್ಕೂ ಅಲ್ಲ, ಯೂಟ್ಯೂಬ್ ನೋಡಿ ಪ್ಲ್ಯಾಂಕ್ ಮಾಡುವುದಕ್ಕೂ ಅಲ್ಲ.

ಹಾಗಾದರೆ ತೊಡಕೆಲ್ಲಿದೆ? ಗೊತ್ತಿಲ್ಲದಿರುವುದರಲ್ಲಿ ಸ್ವಲ್ಪ, ಹೊತ್ತಿನಲ್ಲಿ ಬಹಳ. ನಮ್ಮ ಪಿ.ಡಿ. ಸರ್ ಕೆಟ್ಟವರಲ್ಲ. ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ‘ನಿಮಗೆ ಗ್ರೌಂಡ್ ಸಿಗೋದೇ ಒಂದು ಗಂಟೆ. ಅದ್ರಲ್ಲಿ ಇಪ್ಪತ್ತು ನಿಮಿಷ ಇದಕ್ಕೇ ಹೋದ್ರೆ ಆಟ ಯಾವಾಗ ಆಡ್ತೀರಮ್ಮ?’ ಲೆಕ್ಕ ಸರಿಯಾಗಿಯೇ ಇದೆ. ಕ್ಲಾಸು ಮುಗಿಯುವುದು ನಾಲ್ಕೂವರೆಗೆ. ಹುಡುಗಿಯರ ಹಾಸ್ಟೆಲಿನ ಗೇಟು ಆರೂವರೆಗೆ. ಬಟ್ಟೆ ಬದಲಿಸಿ, ನಡೆದು ಬಂದು, ಮತ್ತೆ ನಡೆದು ಹೋಗುವುದನ್ನು ಕಳೆದರೆ ಒಂದು ಗಂಟೆ ಉಳಿಯುತ್ತದೆ. ಅದರಲ್ಲೂ ಅರ್ಧ ಮೈದಾನದಲ್ಲಿ ಹುಡುಗರ ಕ್ರಿಕೆಟ್ ನೆಟ್ಸ್. ಹುಡುಗರ ಫುಟ್‌ಬಾಲ್ ತಂಡ ಏಳೂವರೆಯವರೆಗೂ ಆಡುತ್ತದೆ, ಅವರ ಹಾಸ್ಟೆಲಿಗೆ ಗೇಟಿನ ಚಿಂತೆಯಿಲ್ಲ. ಎಸಿಎಲ್ ಹರಿಯುವುದಕ್ಕೂ ಹಾಸ್ಟೆಲ್ ಗೇಟಿಗೂ ಏನು ಸಂಬಂಧ ಎಂದು ಕೇಳುವವರಿಗೆ ಇದೇ ಉತ್ತರ. ಸಮಯ ಕಡಿಮೆಯಿದ್ದಾಗ ಎಲ್ಲ ತಂಡಗಳೂ ಮೊದಲು ಕತ್ತರಿ ಹಾಕುವುದು ವಾರ್ಮ್ ಅಪ್‌ಗೆ.

ಸರ್ ಮಾತಿಗೆ ಒಂದು ತಿದ್ದುಪಡಿ ಇದೆ. ಈ ಸರಣಿ ವಾರ್ಮ್ ಅಪ್ ಆದ ಮೇಲೆ ಮಾಡುವ ಹೆಚ್ಚುವರಿ ಕೆಲಸವಲ್ಲ, ಅದೇ ವಾರ್ಮ್ ಅಪ್. ಮೈದಾನಕ್ಕೆ ನಾಲ್ಕು ಸುತ್ತು ಹಾಕಿ, ನಿಂತಲ್ಲೇ ಕಾಲು ಚಾಚುವ ಹಳೆಯ ಪದ್ಧತಿಗೂ ಹತ್ತು–ಹನ್ನೆರಡು ನಿಮಿಷ ಹೋಗುತ್ತಿತ್ತು. ಹಾಗಾಗಿ ಹೆಚ್ಚುವರಿ ಬೇಕಿರುವುದು ಎಂಟು ನಿಮಿಷ. ಸದ್ಯಕ್ಕೆ ನಾವು ನಡುವಿನ ಹತ್ತು ನಿಮಿಷದ ಭಾಗವನ್ನು ಹಾಸ್ಟೆಲ್ ಕಾರಿಡಾರಿನಲ್ಲಿ, ರಾತ್ರಿ ಊಟಕ್ಕೆ ಮೊದಲು, ಚಾಪೆ ಹಾಸಿಕೊಂಡು ಮಾಡುತ್ತಿದ್ದೇವೆ. ಆಟವಾಡದ ಗೆಳತಿಯರು ಕಣಕಾಲು ಹಿಡಿಯಲು ಬರುತ್ತಾರೆ. ಸಿವಿಲ್ ವಿಭಾಗದ ಒಬ್ಬಳಂತೂ ನಮಗಿಂತ ಚೆನ್ನಾಗಿ ತಪ್ಪು ಹಿಡಿಯುತ್ತಾಳೆ.

ಆದರೆ ಇದು ನಮ್ಮ ಹಟದ ಮೇಲೆ ನಿಂತ ವ್ಯವಸ್ಥೆ. ಪರೀಕ್ಷೆ ಬಂದರೆ ನಿಲ್ಲುತ್ತದೆ, ನಾಲ್ಕು ಜನ ಸೀನಿಯರ್‌ಗಳು ಕಾಲೇಜು ಬಿಟ್ಟರೆ ಮರೆತುಹೋಗುತ್ತದೆ. ನಾರ್ವೆ, ಸ್ವೀಡನ್‌ಗಳಲ್ಲಿ ಕೋಚ್‌ಗಳಿಗೆ ಮೊದಲು ಹೇಳಿಕೊಟ್ಟು, ತಂಡದ ಅಭ್ಯಾಸದಲ್ಲೇ ಸೇರಿಸಿದ್ದರು. ನಮ್ಮಲ್ಲೂ ಹೈಸ್ಕೂಲು ಮಟ್ಟದಲ್ಲೇ, ಹನ್ನೆರಡು–ಹದಿಮೂರರಲ್ಲೇ, ದೈಹಿಕ ಶಿಕ್ಷಕರ ಕೈಯಿಂದ ಇದು ಶುರುವಾಗಬೇಕು. ನಮ್ಮ ವಯಸ್ಸಿಗೆ ತಡ ಎಂದಲ್ಲ, ಆದರೆ ಅಧ್ಯಯನಗಳಲ್ಲಿ ದೊಡ್ಡ ಫಲ ಕಂಡದ್ದು ಆ ವಯಸ್ಸಿನಲ್ಲಿ. ತಾಲ್ಲೂಕು ಕ್ರೀಡಾಕೂಟಕ್ಕೆ ಹುಡುಗಿಯರನ್ನು ಕರೆದೊಯ್ಯುವ ಮೊದಲು ದೈಹಿಕ ಶಿಕ್ಷಕರಿಗೆ ಕಾರ್ಯಾಗಾರ ನಡೆಸಲಿ. ಯಾವ ಯಂತ್ರವನ್ನೂ ಕೊಳ್ಳಬೇಕಿಲ್ಲ, ಟೆಂಡರ್ ಕರೆಯಬೇಕಿಲ್ಲ. ಬಹುಶಃ ಅದಕ್ಕೇ ಯಾರಿಗೂ ಆಸಕ್ತಿ ಇಲ್ಲವೇನೋ.

2025ರ ಜುಲೈನಲ್ಲಿ ಭಾರತದ ಮಹಿಳಾ ತಂಡ ಥಾಯ್ಲೆಂಡ್ ನೆಲದಲ್ಲೇ ಥಾಯ್ಲೆಂಡ್ ಅನ್ನು 2–1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ನಮ್ಮ ಹಾಸ್ಟೆಲಿನಲ್ಲಿ ಆ ರಾತ್ರಿ ಮಲಗಿದವರು ಕಡಿಮೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ರಾಷ್ಟ್ರೀಯ ಲೀಗ್‌ನಲ್ಲಿ ಆಡುತ್ತದೆ. ಹತ್ತನೇ ತರಗತಿಯ ಹುಡುಗಿಗೆ ಇವತ್ತು ಕನಸು ಕಾಣಲು ಹೆಸರುಗಳಿವೆ. ಅವಳು ಅಲ್ಲಿಗೆ ಮುಟ್ಟುವ ಮುಂಚೆ ‘ಇನ್ನು ಸಾಕು ಮಗಳೇ’ ಎಂಬ ಮಾತು ಅವಳ ಮನೆಯಲ್ಲಿ ಬಾರದಿರಲಿ.

ಅಕ್ಕನಿಗೆ ಶಸ್ತ್ರಚಿಕಿತ್ಸೆಯಾಗಿ ಎಂಟು ತಿಂಗಳಾಯಿತು. ಅಭ್ಯಾಸದ ದಿನಗಳಲ್ಲಿ ಹಾಸ್ಟೆಲ್ ಗೇಟನ್ನು ಅರ್ಧ ಗಂಟೆ ತಡವಾಗಿ ಹಾಕಬೇಕು ಎಂದು ನಾವು ವಾರ್ಡನ್ ಮೇಡಂ ಅವರನ್ನು ಕೇಳಿದೆವು. ‘ಬರೆದು ಕೊಡಿ, ನೋಡೋಣ’ ಎಂದರು. ಬರೆದು ಕೊಟ್ಟಿದ್ದೇವೆ. ಹದಿನೆಂಟು ಸಹಿಗಳಿವೆ, ಮೊದಲನೆಯದು ಅಕ್ಕನದು.